ಮನೆಗೆ ಬೇಲಿ ಹಾಕಿಸೋದು, ರಿಪೇರಿ ಮಾಡಿಸೋದು: ಕಾಂಟ್ರಾಕ್ಟರ್ ಹಿಡಿಯೋ ಮುಂಚೆ ಏನೇನು ನೋಡ್ಬೇಕು

"ಮನೆ ಸುತ್ತ ಬೇಲಿ ಹಾಕಿಸ್ಬೇಕು, ಯಾರನ್ನ ಕರೆಸ್ಲಿ, ಎಷ್ಟು ಕೇಳಿದ್ರೆ ಸರಿ?" ಅಂತ ತುಂಬಾ ಜನ ಕೇಳ್ತಾನೇ ಇದೀರ, ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಕೊಡೋದಕ್ಕಿಂತ ಒಂದೇ ಸಲ ಕೂತು ಬರೆದುಬಿಡೋಣ ಅಂತ ಬರೀತಿದೀನಿ. ರೇಟ್ ಎಷ್ಟು ಅಂತ ಇಲ್ಲಿ ಹೇಳಲ್ಲ, ಅದು ಮಣ್ಣಿಗೆ, ಸಾಮಾನಿಗೆ, ಜಾಗಕ್ಕೆ ತಕ್ಕ ಹಾಗೆ ಬದಲಾಗುತ್ತೆ. ಆದ್ರೆ ಯಾರಾದ್ರೂ ಒಂದು ರೇಟ್ ಹೇಳಿದಾಗ ಅದರಲ್ಲಿ ಏನು ಸೇರಿದೆ, ಏನು ಬಿಟ್ಟಿದ್ದಾರೆ ಅನ್ನೋದನ್ನ ನೀವೇ ಓದ್ಕೊಳ್ಳೋ ಹಾಗಾಗಬೇಕು, ಅಷ್ಟಕ್ಕೆ ಬೇಕಾಗಿದ್ದೆಲ್ಲ ಇಲ್ಲಿದೆ.

ಮೊದಲೇ ಒಂದು ಮಾತು ಹೇಳ್ತೀನಿ, ಕೆಳಗಿನ ಎಲ್ಲಾ ಹಂತಕ್ಕೂ ಇದೇ ಬುನಾದಿ. ಬೇಲಿ ಕಾಣೋದು ನೆಲದ ಮೇಲೆ, ನಿಲ್ಲೋದು ನೆಲದ ಒಳಗೆ. ಗುಂಡಿ ಎಷ್ಟು ಆಳ ತೋಡಿದ್ರು, ಕಾಂಕ್ರೀಟ್ ಎಷ್ಟು ಸುರಿದ್ರು ಅನ್ನೋದು ಮಣ್ಣು ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳಲ್ಲ, ಹಾಗಾಗಿ ರೇಟ್ ಇಳಿಸ್ಬೇಕು ಅಂದ್ರೆ ಮೊದಲು ಕತ್ತರಿ ಬೀಳೋದೂ ಅಲ್ಲೇ. ಹೊಸದಾಗಿ ಹಾಕಿದ ದಿನ ಎಲ್ಲಾ ಬೇಲಿನೂ ಚೆನ್ನಾಗೇ ಕಾಣುತ್ತೆ, ಎರಡು ಮಳೆಗಾಲ ಕಳೆದ ಮೇಲೆ ಮೂಲೆ ಕಂಬ ಒಳಗೆ ವಾಲಿ ಮೆಶ್ (ತಂತಿ ಬಲೆ) ಜೋತು ಬಿದ್ದಾಗಲೇ ವ್ಯತ್ಯಾಸ ಗೊತ್ತಾಗೋದು.

ಕೆಲವು ಪದ ಗೊತ್ತಿರಲಿ. ರನ್ನಿಂಗ್ ಫೀಟ್ ಅಂದ್ರೆ ಬೇಲಿಯ ಬರೀ ಉದ್ದದ ಲೆಕ್ಕ, ಎತ್ತರ ಇದರಲ್ಲಿ ಬರಲ್ಲ. ಗೇಜ್ ಅಂದ್ರೆ ತಂತಿಯ ದಪ್ಪದ ನಂಬರ್, ನಂಬರ್ ಜಾಸ್ತಿ ಆದಷ್ಟೂ ತಂತಿ ತೆಳ್ಳಗಾಗುತ್ತೆ, ಇದನ್ನ ಉಲ್ಟಾ ತಿಳ್ಕೊಂಡು ಮೋಸ ಹೋಗೋರು ಬಹಳ. ಜಿಐ ಅಂದ್ರೆ ತುಕ್ಕು ಹಿಡೀದೇ ಇರ್ಲಿ ಅಂತ ಸತುವಿನ ಲೇಪ ಕೊಟ್ಟ ಕಬ್ಬಿಣ, ಎಂಎಸ್ ಅಂದ್ರೆ ಲೇಪ ಇಲ್ಲದ ಮಾಮೂಲಿ ಉಕ್ಕು, ಅದಕ್ಕೆ ಪೇಂಟೇ ಗತಿ. ಲೈನ್ ಕಂಬ ಅಂದ್ರೆ ಸಾಲಿನ ಮಧ್ಯೆ ಬರೋದು, ಎಳೆತ ಹೊರೋದು ಮೂಲೆ ಕಂಬ, ತುದಿ ಕಂಬ, ಗೇಟ್ ಕಂಬ.

1. ಬೇಲಿ ಯಾಕೆ ಬೇಕು ಅಂತ ಮೊದಲು ನೀವು ತೀರ್ಮಾನ ಮಾಡಿ

ನಾಯಿ ಹೊರಗೆ ಹೋಗ್ಬಾರ್ದು ಅನ್ನೋದಕ್ಕೂ, ರಸ್ತೆಯಿಂದ ಮನೆ ಕಾಣ್ಬಾರ್ದು ಅನ್ನೋದಕ್ಕೂ, ಬರೀ ಗಡಿ ಗುರುತಿರಲಿ ಅನ್ನೋದಕ್ಕೂ ಬೇಲಿ ಬೇರೆ ಬೇರೆ. ಗಡಿ, ಸಾಕುಪ್ರಾಣಿ ಅಂದ್ರೆ ಚೈನ್‌ಲಿಂಕ್ ಸಾಕು, ಚೌಕ ಚೌಕ ಕಣ್ಣಿನ ಹೆಣೆದ ತಂತಿ ಬಲೆ ಅದು, ಖರ್ಚು ಕಡಿಮೆ, ರಿಪೇರಿ ಸುಲಭ. ಮರೆ ಬೇಕು ಅಂದ್ರೆ ಮರದ ಹಲಗೆ, ವಿನೈಲ್ (ಒಂದು ಥರ ಪ್ಲಾಸ್ಟಿಕ್) ಹಲಗೆ, ಶೀಟ್ ಅಥವಾ ರೆಡಿಮೇಡ್ ಕಾಂಕ್ರೀಟ್ ಸ್ಲ್ಯಾಬ್. ಆದ್ರೆ ಸಂದೇ ಇಲ್ಲದ ಬೇಲಿಗೆ ಗಾಳಿ ಪೂರ್ತಿ ಹೊಡೆಯುತ್ತೆ, ಹಡಗಿನ ಹಾಯಿ ಥರ, ಹಾಗಾಗಿ ಅದೇ ಎತ್ತರದ ತಂತಿ ಬೇಲಿಗಿಂತ ಅದರ ಕಂಬ ಗಟ್ಟಿಯಾಗಿರಬೇಕು, ಗುಂಡಿ ಆಳ ಇರಬೇಕು. ತಂತಿ ಬೇಲಿಗೆ ಅಂತ ನೆಟ್ಟ ಕಂಬಕ್ಕೆ ಆಮೇಲೆ ಶೀಟ್ ಕಟ್ಟಿಸೋದು ಎಲ್ಲರೂ ಮಾಡೋ ತಪ್ಪು, ಮೊದಲ ದೊಡ್ಡ ಗಾಳಿಗೇ ಸಾಲು ಸಾಲಾಗಿ ಮಲಗುತ್ತೆ. ಮುಂದೆ ಶೀಟ್ ಹಾಕೋ ಯೋಚನೆ ಇದ್ರೆ ಈಗ್ಲೇ ಹೇಳಿಬಿಡಿ.

2. ಗಡಿ ಖಚಿತ ಆಗದೆ ಒಂದು ಗುಂಡಿನೂ ತೋಡಿಸ್ಬೇಡಿ

ಹಳೇ ಬೇಲಿ ಎಲ್ಲಿದ್ಯೋ ಅದೇ ಗಡಿ ಅನ್ಕೋಬೇಡಿ, ಹಿಂದಿನವರು ಅಂದಾಜಲ್ಲಿ ಹಾಕಿರಬಹುದು. ದಾಖಲೆ ತೆಗೆದು ಗಡಿ ಕಲ್ಲು ಹುಡುಕಿ, ಸಿಗಲಿಲ್ಲ ಅಂದ್ರೆ ಲೈಸೆನ್ಸ್ ಇರೋ ಸರ್ವೇಯರ್ ಕರೆಸಿ ಗುರುತು ಹಾಕಿಸಿ. ಇದಕ್ಕೆ ಆಗೋ ಖರ್ಚು ಉಳಿಸೋಕೆ ಹೋಗಿ ಪೂರ್ತಿ ಬೇಲಿ ಕಿತ್ತು ಆರು ಇಂಚು ಒಳಗೆ ಹಾಕಿಸ್ಬೇಕಾಗಿ ಬಂದ್ರೆ ಆ ಕಷ್ಟ ಬೇಡ. ಕಾಂಟ್ರಾಕ್ಟರ್ "ಗಡಿ ನಮಗೆ ಗೊತ್ತು ಬಿಡಿ" ಅಂದ್ರೂ ಒಪ್ಪಬೇಡಿ, ನೀವು ತೋರಿಸಿದ ಗೆರೆ ಮೇಲೆ ಅವರು ಕೆಲಸ ಮಾಡ್ತಾರೆ, ಗೆರೆ ತಪ್ಪಾದ್ರೆ ಹೊಣೆ ನಿಮ್ಮದೇ ಆಗುತ್ತೆ.

ಪಕ್ಕದ ಮನೆಯವರಿಗೆ ಕೆಲಸ ಶುರು ಆಗೋ ಮುಂಚೆ ಒಂದು ಮಾತು ಹೇಳಿ, ಗೆರೆ ತೋರಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಕಾಂಕ್ರೀಟ್ ಬುಡ ಕಂಬಕ್ಕಿಂತ ಅಗಲ ಇರುತ್ತೆ ಅನ್ನೋದು ನೆನಪಿರಲಿ, ಕಂಬವನ್ನ ಸರಿಯಾಗಿ ಗೆರೆ ಮೇಲೇ ನೆಟ್ಟರೆ ಅರ್ಧ ಬುಡ ಅವರ ಜಾಗದಲ್ಲಿ ಇರುತ್ತೆ, ಅದಕ್ಕೇ ಕೆಲವು ಇಂಚು ಒಳಗೆ ತಗೊಳ್ಳೋದು ವಾಸಿ. ಎತ್ತರಕ್ಕೆ ಮಿತಿ ಇದ್ಯಾ, ರಸ್ತೆ ಕಡೆ ಇಷ್ಟೇ ಎತ್ತರ ಅಂತ ಇದ್ಯಾ, ಪರ್ಮಿಷನ್ ಬೇಕಾ ಅಂತ ನಿಮ್ಮ ಸ್ಥಳೀಯ ಆಡಳಿತದ ಆಫೀಸಲ್ಲಿ, ಬಡಾವಣೆಗೆ ಸಂಘ ಇದ್ರೆ ಅಲ್ಲೂ ಕೇಳಿ. ನೆಲದೊಳಗೆ ಕರೆಂಟ್ ಕೇಬಲ್, ಗ್ಯಾಸ್ ಪೈಪ್, ನೀರಿನ ಲೈನ್, ಚರಂಡಿ ಪೈಪ್ ಎಲ್ಲಿ ಹಾದುಹೋಗಿದೆ ಅಂತ ಆಯಾ ಇಲಾಖೆಯವರಿಂದ ಗುರುತು ಹಾಕಿಸಿ. ಹಾರೆ ಕೇಬಲ್‌ಗೆ ತಗುಲಿದ್ರೆ ಹೋಗೋದು ಜೀವ, ಇದರಲ್ಲಿ ಅವಸರ ಮಾಡ್ಲೇಬೇಡಿ.

3. ಅಳತೆ ನೀವೇ ತಗೊಳ್ಳಿ

ಟೇಪ್ ಹಿಡ್ಕೊಂಡು ಇಬ್ಬರು ಓಡಾಡಿದ್ರೆ ಅರ್ಧ ಗಂಟೆ ಕೆಲಸ. ಒಂದು ಕಾಗದದ ಮೇಲೆ ಜಾಗದ ಆಕಾರ ಬರೆದು ಒಂದೊಂದು ಪಕ್ಕದ ಉದ್ದ, ಗೇಟ್ ಎಲ್ಲಿ, ಎಷ್ಟು ಅಗಲ, ಎಲ್ಲಿ ಇಳಿಜಾರು, ಎಲ್ಲಿ ಮರ, ಎಲ್ಲಿ ಬಂಡೆ ಎಲ್ಲಾ ಗುರುತು ಮಾಡಿ. ಆಮೇಲೆ ಕಂಬದ ಲೆಕ್ಕ ಹಾಕಿ. ಉದಾಹರಣೆಗೆ 120 ಅಡಿ ನೇರ ಸಾಲು ಅಂದ್ಕೊಳ್ಳಿ. 10 ಅಡಿಗೊಂದು ಕಂಬ ಅಂದ್ರೆ 12 ಅಂತರ, ಕಂಬ 13, ಯಾಕಂದ್ರೆ ಎರಡೂ ತುದಿಗೆ ಕಂಬ ಬೇಕು. 8 ಅಡಿಗೊಂದು ಅಂದ್ರೆ 16 ಕಂಬ. ಅದನ್ನೇ ಯಾರಾದ್ರೂ 12 ಅಡಿಗೊಂದು ಅಂತ ಎಳೆದ್ರೆ ಬರೀ 11 ಕಂಬದಲ್ಲಿ ಮುಗಿಯುತ್ತೆ. ಮೂವರ ರೇಟ್ ಮೂರು ಥರ ಬಂದಾಗ ಎಷ್ಟೋ ಸಲ ಗುಟ್ಟು ಇಷ್ಟೇ ಇರುತ್ತೆ. ಚೈನ್‌ಲಿಂಕ್‌ಗೆ 10 ಅಡಿ ಮೀರಿದ ಅಂತರ ಒಪ್ಪಬೇಡಿ, ಮರದ ಬೇಲಿಗೆ 6 ರಿಂದ 8 ಅಡಿ.

4. ರಿಪೇರಿ ಸಾಕಾ, ಹೊಸದೇ ಬೇಕಾ?

ಹಳೇ ಬೇಲಿ ಇದ್ರೆ ಕಾಂಟ್ರಾಕ್ಟರ್ ಬರೋ ಮುಂಚೆ ನೀವೇ ಒಂದು ಸುತ್ತು ಹೋಗಿ ಒಂದೊಂದು ಕಂಬವನ್ನೂ ಎದೆ ಎತ್ತರದಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಕಂಬ ನೆಟ್ಟಗಿದ್ದು ಮೆಶ್ ಅಥವಾ ಹಲಗೆ ಮಾತ್ರ ಹಾಳಾಗಿದ್ರೆ ರಿಪೇರಿ ಸಾಕು. ಕಂಬ ಬುಡದಿಂದ ಅಲ್ಲಾಡಿದ್ರೆ ಎರಡು ಕಾರಣ, ಒಂದೋ ಕಾಂಕ್ರೀಟ್ ಸಮೇತ ಸಡಿಲ ಆಗಿದೆ, ಇಲ್ಲಾ ಕಂಬವೇ ಕೊಳೆತಿದೆ ಅಥವಾ ತುಕ್ಕು ತಿಂದಿದೆ. ಮರದ ಕಂಬ ಕೊಳೆಯೋದು ಹೆಚ್ಚಾಗಿ ನೆಲದ ಮಟ್ಟದಲ್ಲೇ, ಅಲ್ಲಿ ಎರಡು ಮೂರು ಇಂಚು ಮಣ್ಣು ಸರಿಸಿ ಸ್ಕ್ರೂಡ್ರೈವರ್ ಚುಚ್ಚಿ, ಸಲೀಸಾಗಿ ಒಳಗೆ ಹೋದ್ರೆ ಆ ಕಂಬದ ಕಥೆ ಮುಗೀತು, ಮೇಲೆ ಎಷ್ಟು ಗಟ್ಟಿ ಕಂಡ್ರೂ ಅಷ್ಟೇ.

ಹತ್ತರಲ್ಲಿ ಒಂದೆರಡು ಕಂಬ ಕೆಟ್ಟಿದ್ರೆ ಅಷ್ಟನ್ನ ಮಾತ್ರ ಬದಲಾಯಿಸಿ. ಮೂರರಲ್ಲೊಂದು ಕೆಟ್ಟಿದ್ರೆ ಉಳಿದಿದ್ದೂ ಅದೇ ವಯಸ್ಸಿನವು, ಹಿಂದೆ ಮುಂದೆ ಅವೂ ಹೋಗ್ತವೆ, ಆಗ ಹೊಸದೇ ಹಾಕಿಸೋದು ಲಾಭ ಅನ್ನೋದು ನನ್ನ ಅಭಿಪ್ರಾಯ. ಚೈನ್‌ಲಿಂಕ್ ಹರಿದಿದ್ರೆ "ಪೂರ್ತಿ ರೋಲ್ ಬದಲಾಯಿಸ್ಬೇಕು" ಅಂದಾಗ ತಕ್ಷಣ ತಲೆ ಆಡಿಸ್ಬೇಡಿ. ಆ ಮೆಶ್ ಸ್ಪ್ರಿಂಗ್ ಥರ ಸುತ್ತಿರೋ ಒಂದೊಂದೇ ತಂತಿಯನ್ನ ಪಕ್ಕದ ತಂತಿಗೆ ಹೆಣೆದು ಮಾಡಿರೋದು. ಹರಿದ ಜಾಗದ ಎರಡೂ ಪಕ್ಕ ಒಂದೊಂದು ತಂತಿಯ ತುದಿ ಬಿಡಿಸಿ ತಿರುಗಿಸ್ತಾ ಮೇಲಕ್ಕೆ ಎಳೆದ್ರೆ ಆ ತುಂಡು ಬಿಟ್ಟುಕೊಳ್ಳುತ್ತೆ, ಅದೇ ಅಳತೆಯ ಹೊಸ ತುಂಡು ಇಟ್ಟು ತಂತಿ ಮತ್ತೆ ತಿರುಗಿಸಿ ಇಳಿಸಿದ್ರೆ ಜೋಡಿಸಿದ್ದೇ ಗೊತ್ತಾಗಲ್ಲ. ಈ ಕೆಲಸ ಬಲ್ಲವರು ಬೇಲಿ ಬಲ್ಲವರು, ಕೇಳಿ ನೋಡಿ.

5. ಕಾಂಟ್ರಾಕ್ಟರ್ ಹುಡುಕೋದು

ಕನಿಷ್ಠ ಮೂವರನ್ನ ಕರೆಸಿ, ಫೋನಲ್ಲೇ ರೇಟ್ ಹೇಳೋರನ್ನ ಬಿಟ್ಟುಬಿಡಿ, ಜಾಗ ನೋಡದೆ, ಮಣ್ಣು ಮುಟ್ಟದೆ ಹೇಳಿದ ರೇಟು ಆಮೇಲೆ ಏರೇ ಏರುತ್ತೆ. ಹೊಸ ಕೆಲಸದ ಫೋಟೋ ಎಲ್ಲರ ಫೋನಲ್ಲೂ ಇರುತ್ತೆ, ನೀವು ಕೇಳ್ಬೇಕಾಗಿರೋದು "ಮೂರು ನಾಲ್ಕು ವರ್ಷದ ಹಿಂದೆ ಹಾಕಿದ್ದು ಹತ್ತಿರದಲ್ಲಿ ಎಲ್ಲಾದ್ರೂ ಇದ್ಯಾ" ಅಂತ. ಇದ್ರೆ ಹೋಗಿ ಮೂಲೆ ಕಂಬ ನೆಟ್ಟಗಿದ್ಯಾ, ಗೇಟ್ ನೆಲಕ್ಕೆ ಉಜ್ಜುತ್ತಾ, ವೆಲ್ಡಿಂಗ್ ಆದ ಜಾಗದಲ್ಲಿ ತುಕ್ಕು ಇಳಿದಿದ್ಯಾ ಇಷ್ಟು ನೋಡಿ, ಮನೆಯವರ ಹತ್ರ ಎರಡು ಮಾತಾಡಿ. ನಿಮ್ಮೂರಲ್ಲಿ ಈ ಕೆಲಸಕ್ಕೆ ಲೈಸೆನ್ಸ್ ಬೇಕು ಅಂತಿದ್ರೆ ಅದರ ಕಾಪಿ ತಗೊಳ್ಳಿ. ಕೆಲಸಗಾರರಿಗೆ ಪೆಟ್ಟಾದ್ರೆ, ಪಕ್ಕದವರ ಗೋಡೆಗೋ ಪೈಪಿಗೋ ಹಾನಿಯಾದ್ರೆ ಯಾರು ಭರಿಸ್ತಾರೆ, ಇನ್ಶೂರೆನ್ಸ್ ಇದ್ಯಾ ಅಂತ ಸಂಕೋಚ ಇಲ್ಲದೆ ಕೇಳಿ. ಮಾತಾಡಿದವರೇ ಕೆಲಸದ ದಿನ ಇರ್ತಾರಾ, ಬೇರೆಯವರಿಗೆ ಒಪ್ಪಿಸ್ತಾರಾ ಅನ್ನೋದೂ ಗೊತ್ತಾಗ್ಬೇಕು.

ಇನ್ನೊಂದು ಪ್ರಶ್ನೆ ಇದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: "ಮೂಲೆ ಕಂಬಕ್ಕೆ ಗುಂಡಿ ಎಷ್ಟು ತೋಡ್ತೀರಿ?" ಕೆಲಸ ಬಲ್ಲವರು ತಕ್ಷಣ ಎತ್ತರ ಎಷ್ಟು, ಮಣ್ಣು ಎಂಥದ್ದು, ನೀರು ನಿಲ್ಲುತ್ತಾ ಅಂತ ನಿಮ್ಮನ್ನೇ ತಿರುಗಿ ಕೇಳ್ತಾರೆ. "ಎಲ್ಲಾದಕ್ಕೂ ಒಂದೇ, ಒಂದೂವರೆ ಅಡಿ ಸಾಕು" ಅಂತ ಬಾಯಿಗೆ ಬಂದ ಹಾಗೆ ಹೇಳಿದ್ರೆ ಮುಂದಿನವರನ್ನ ಕರೆಸಿ.

6. ಕೊಟೇಶನ್ ಕಾಗದದಲ್ಲೇ ಬೇಕು, ಅದರಲ್ಲಿ ಇಷ್ಟೆಲ್ಲಾ ಇರಬೇಕು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. "120 ಅಡಿ ಚೈನ್‌ಲಿಂಕ್ ಬೇಲಿ, ಒಟ್ಟು ಇಷ್ಟು" ಅನ್ನೋ ಒಂದು ಸಾಲಿನ ಕೊಟೇಶನ್ ಇದ್ರೂ ಒಂದೇ ಇಲ್ದಿದ್ರೂ ಒಂದೇ.

ರೇಟ್ ರನ್ನಿಂಗ್ ಫೀಟ್‌ಗಾ ಸ್ಕ್ವೇರ್ ಫೀಟ್‌ಗಾ ಅಂತ ಮೊದಲು ನೋಡಿ. 100 ಅಡಿ ಉದ್ದ, 6 ಅಡಿ ಎತ್ತರದ ಬೇಲಿ ರನ್ನಿಂಗ್ ಫೀಟ್‌ನಲ್ಲಿ 100, ಸ್ಕ್ವೇರ್ ಫೀಟ್‌ನಲ್ಲಿ 600. ಸ್ಕ್ವೇರ್ ಫೀಟ್ ರೇಟು ಕೇಳೋಕೆ ಸಣ್ಣದಾಗಿರುತ್ತೆ, ಬಿಲ್ ನೋಡಿದಾಗ ಎದೆ ಧಸಕ್ ಅನ್ನುತ್ತೆ.

ತಂತಿ ದಪ್ಪ ಗೇಜಲ್ಲಿ ಮಾತ್ರ ಬರೆದ್ರೆ ಸಾಲ್ದು, ಮಿಲಿಮೀಟರ್‌ನಲ್ಲೂ ಬರೆಸಿ, ಗೇಜ್ ಪಟ್ಟಿಗಳೇ ಒಂದಕ್ಕಿಂತ ಹೆಚ್ಚಿವೆ, ಒಂದೇ ನಂಬರ್ ಎರಡು ಪಟ್ಟಿಯಲ್ಲಿ ಎರಡು ದಪ್ಪ ಆಗುತ್ತೆ. ಬ್ರಿಟಿಷ್ ಪಟ್ಟಿ ಎಸ್‌ಡಬ್ಲ್ಯುಜಿ ಪ್ರಕಾರ 8 ಗೇಜ್ ಅಂದ್ರೆ 4.06 ಮಿಮೀ, 10 ಗೇಜ್ 3.25 ಮಿಮೀ, 12 ಗೇಜ್ 2.64 ಮಿಮೀ. ನೋಡೋಕೆ 10ಕ್ಕೂ 12ಕ್ಕೂ ಏನಿಲ್ಲ ಅನ್ಸುತ್ತೆ, ಆದ್ರೆ 10 ಗೇಜಲ್ಲಿ 12 ಗೇಜಿಗಿಂತ ಸುಮಾರು ಒಂದೂವರೆ ಪಟ್ಟು ಉಕ್ಕು ಇರುತ್ತೆ. ಹಸಿರು ಅಥವಾ ಕಪ್ಪು ಪಿವಿಸಿ ಹೊದಿಕೆ ಇರೋ ಮೆಶ್ ಆದ್ರೆ ಇನ್ನೂ ಹುಷಾರು, "4 ಎಂಎಂ" ಅಂತ ಹೇಳಿದ್ದು ಪ್ಲಾಸ್ಟಿಕ್ ಸೇರಿಸಿ ಇರಬಹುದು, ಒಳಗಿನ ತಂತಿ 3 ಮಿಮೀ ಕೂಡ ಇರದೇ ಹೋಗಬಹುದು. ಒಳಗಿನ ತಂತಿ ಎಷ್ಟು, ಹೊದಿಕೆ ಸೇರಿ ಎಷ್ಟು ಎರಡನ್ನೂ ಬರೆಸಿ. ಮೆಶ್ ಕಣ್ಣಿನ ಅಳತೆ 2 ಇಂಚಾ 3 ಇಂಚಾ ಅನ್ನೋದೂ ಇರಲಿ, ಕಣ್ಣು ದೊಡ್ಡದಾದಷ್ಟೂ ತಂತಿ ಕಡಿಮೆ ಹಿಡಿಯುತ್ತೆ. ಮೇಲಂಚು ಮಡಚಿದ್ದಾ, ಚೂಪಾಗಿ ಬಿಟ್ಟಿದ್ದಾ ಅಂತ ಕೇಳಿ, ಮಕ್ಕಳಿರೋ ಮನೆಗೆ ಮಡಚಿದ್ದೇ ಇರಲಿ.

ಕಂಬ ಯಾವುದು, ಪೈಪ್ ಆದ್ರೆ ಹೊರಗಿನ ಅಳತೆ ಜೊತೆ ಗೋಡೆ ದಪ್ಪ ಎಷ್ಟು, ಒಟ್ಟು ಉದ್ದ ಎಷ್ಟು, ನೆಲದೊಳಗೆ ಎಷ್ಟು, ಅಂತರ ಎಷ್ಟು, ಮೂಲೆ ಮತ್ತೆ ಗೇಟ್ ಕಂಬ ಲೈನ್ ಕಂಬಕ್ಕಿಂತ ದಪ್ಪ ಇರುತ್ತಾ, ಮೂಲೆಗೆ ಓರೆ ಆಸರೆ ಕಂಬ ಕೊಡ್ತಾರಾ, ಗುಂಡಿ ಅಗಲ ಆಳ ಎಷ್ಟು, ಕಾಂಕ್ರೀಟ್ ಎಲ್ಲಾ ಕಂಬಕ್ಕಾ ಅಥವಾ ಮೂಲೆಗೆ ಮಾತ್ರಾನಾ, ಇಷ್ಟೂ ಬರವಣಿಗೆಯಲ್ಲಿ ಬೇಕು. ಇದು ಕೇಳಿದ್ರೆ ಕೆಲವರು ಮುಖ ಸಿಂಡರಿಸ್ತಾರೆ, ಸಿಂಡರಿಸ್ಲಿ, ಆಮೇಲೆ ಕಣ್ಣಿಗೆ ಕಾಣದೆ ಹೋಗೋದು ಇದೇ ಆಗಿರೋದ್ರಿಂದ ಕಾಗದದಲ್ಲಿ ಮೊದಲು ಇರಬೇಕಾಗಿದ್ದೂ ಇದೇ. ಮರದ ಬೇಲಿ ಆದ್ರೆ ನೆಲಕ್ಕೆ ಹೂಳೋಕೆ ಅಂತಲೇ ಔಷಧಿ ಕೊಟ್ಟು ಟ್ರೀಟ್ ಮಾಡಿದ ಮರಾನಾ ಅಂತ ಕೇಳಿ, ಮೊಳೆ ಸ್ಕ್ರೂ ಸತು ಲೇಪದ್ದು ಅಥವಾ ಸ್ಟೇನ್‌ಲೆಸ್ ಅಂತ ಬರೆಸಿ, ಮಾಮೂಲಿ ಮೊಳೆ ತುಕ್ಕು ಹಿಡಿದು ಹಲಗೆ ಮೇಲೆಲ್ಲಾ ಕಪ್ಪು ಗೆರೆ ಇಳಿಯುತ್ತೆ.

ಕೊನೇದಾಗಿ ಏನು ಸೇರಿಲ್ಲ ಅನ್ನೋದು. ಹಳೇ ಬೇಲಿ ಕೀಳೋದು, ಹಳೇ ಕಾಂಕ್ರೀಟ್ ಬುಡ ಎತ್ತೋದು, ಅದನ್ನ ಸಾಗಿಸೋದು, ಪೊದೆ ಸವರೋದು, ಗೇಟ್, ಚಿಲಕ, ಸಾಗಾಣಿಕೆ, ತೆರಿಗೆ, ಪೇಂಟ್. ಬಂಡೆ ಸಿಕ್ಕಿದ್ರೆ ಗುಂಡಿಗೆ ಎಷ್ಟು ಜಾಸ್ತಿ ಅಂತ ಈಗ್ಲೇ ನಿಗದಿ ಮಾಡ್ಕೊಳ್ಳಿ, ಅರ್ಧ ಕೆಲಸ ಆದ ಮೇಲೆ ಚೌಕಾಸಿ ಮಾಡೋಕೆ ನಿಮ್ಮ ಕೈಲಿ ಏನೂ ಇರಲ್ಲ. ಇಳಿಜಾರು ಇದ್ರೆ ಬೇಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾ, ನೆಲದ ಓರೆಗೇ ಹೋಗುತ್ತಾ ಅಂತಾನೂ ಇರಲಿ. ಮೆಟ್ಟಿಲಾದ್ರೆ ಕೆಳಗೆ ತ್ರಿಕೋನದ ಸಂದು ಉಳಿಯುತ್ತೆ, ನಾಯಿ ಇರೋರಿಗೆ ಅದು ತಲೆನೋವು.

7. ಅಡ್ವಾನ್ಸ್ ಮತ್ತೆ ಕಂತು

ಪೂರ್ತಿ ದುಡ್ಡು ಮೊದಲೇ ಯಾವ ಕಾರಣಕ್ಕೂ ಕೊಡಬೇಡಿ. ಸ್ವಲ್ಪ ಅಡ್ವಾನ್ಸ್, ಸಾಮಾನು ಸೈಟಿಗೆ ಬಂದು ನೀವು ಅಳೆದು ನೋಡಿದ ಮೇಲೆ ಒಂದು ಕಂತು, ಕಂಬ ನಿಂತು ಕಾಂಕ್ರೀಟ್ ಆದ ಮೇಲೆ ಇನ್ನೊಂದು, ಶೇಕಡಾ 10ರಷ್ಟಾದ್ರೂ ಕೊನೇ ಪರಿಶೀಲನೆ ಆಗೋ ತನಕ ಕೈಲಿಟ್ಕೊಳ್ಳಿ. ಸಾಮಾನಿನ ಗ್ಯಾರಂಟಿ ಬೇರೆ, ಕೆಲಸದ ಗ್ಯಾರಂಟಿ ಬೇರೆ. ಮೆಶ್ ಕಂಪನಿ ತುಕ್ಕಿಗೆ ಗ್ಯಾರಂಟಿ ಕೊಟ್ಟಿದ್ರೂ ಕಂಬ ವಾಲಿದ್ರೆ ಅದಕ್ಕೂ ಅವರಿಗೂ ಸಂಬಂಧ ಇರಲ್ಲ, ಕಂಬ ವಾಲಿದ್ರೆ, ಗೇಟ್ ಇಳಿದ್ರೆ ಎಷ್ಟು ದಿನದ ತನಕ ಬಂದು ಸರಿಮಾಡಿ ಕೊಡ್ತಾರೆ ಅಂತ ಕಾಂಟ್ರಾಕ್ಟರ್ ಹತ್ರ ಬರೆಸಿ ಸಹಿ ಹಾಕಿಸಿ. ದುಡ್ಡು ಕೊಟ್ಟಾಗೆಲ್ಲಾ ರಸೀದಿ ತಗೊಳ್ಳಿ.

8. ಗುಂಡಿ ತೋಡೋ ದಿನ ರಜಾ ಹಾಕಿ ಮನೇಲಿರಿ

ಬೇರೆ ಯಾವ ದಿನ ಇಲ್ದಿದ್ರೂ ನಡೆಯುತ್ತೆ, ಈ ದಿನ ಮಾತ್ರ ಇರಿ. ಮೊದಲು ಮೆಶ್ ಬಂದ ತಕ್ಷಣ ವರ್ನಿಯರ್ ಕ್ಯಾಲಿಪರ್ (ದಪ್ಪ ಅಳೆಯೋ ಸಾಧನ) ಇಟ್ಟು ತಂತಿ ಅಳೆಯಿರಿ, ಪಿವಿಸಿ ಹೊದಿಕೆ ಇದ್ರೆ ತುದಿಯಲ್ಲಿ ಕತ್ತರಿಸಿದ ಕಡೆ ಸ್ವಲ್ಪ ಸುಲಿದು ಒಳಗಿನದನ್ನ ಅಳೆಯಿರಿ. ಆಮೇಲೆ ಗುಂಡಿ. ಒಂದು ಕೋಲಿಗೆ ಒಪ್ಪಂದದ ಆಳಕ್ಕೆ ಸರಿಯಾಗಿ ಗೆರೆ ಹಾಕಿಟ್ಟುಕೊಂಡು ಒಂದೊಂದು ಗುಂಡಿಗೂ ಇಳಿಬಿಟ್ಟು ನೋಡ್ತಾ ಹೋಗಿ, ಟೇಪ್‌ಗಿಂತ ಇದು ಬೇಗ ಆಗುತ್ತೆ.

ಕಂಬದ ಒಟ್ಟು ಉದ್ದದಲ್ಲಿ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗ ನೆಲದೊಳಗಿರಬೇಕು ಅನ್ನೋದು ರೂಢಿಯ ಲೆಕ್ಕ. 6 ಅಡಿ ಬೇಲಿಗೆ 8 ಅಡಿ ಕಂಬ, 2 ಅಡಿ ಒಳಗೆ ಅಂದ್ರೆ ಕನಿಷ್ಠ. ಮೂಲೆ, ಗೇಟ್ ಕಂಬ ಇನ್ನೂ ಅರ್ಧ ಅಡಿ, ಒಂದಡಿ ಹೆಚ್ಚಿರಲಿ. ಮರಳು ಮಣ್ಣು, ಹೊಸದಾಗಿ ತುಂಬಿದ ಮಣ್ಣು, ನೀರು ನಿಲ್ಲೋ ಜಾಗ ಆದ್ರೆ ಎಲ್ಲಾನೂ ಆಳ ಬೇಕು. ನೆಲ ಹೆಪ್ಪುಗಟ್ಟೋ ಅಷ್ಟು ಚಳಿ ಇರೋ ಊರಾದ್ರೆ ಹೆಪ್ಪು ಇಳಿಯೋ ಆಳಕ್ಕಿಂತ ಕೆಳಗೆ ಹೋಗ್ಲೇಬೇಕು, ಇಲ್ದಿದ್ರೆ ಚಳಿಗಾಲ ಬಂದಾಗೆಲ್ಲಾ ಕಂಬ ಮೇಲಕ್ಕೆ ಎದ್ದು ಬರುತ್ತೆ. ಗುಂಡಿ ಅಗಲ ಕಂಬದ ಅಗಲದ ಮೂರು ಪಟ್ಟು. ಮೇಲೆ ಅಗಲ ಇದ್ದು ಕೆಳಗೆ ಕಿರಿದಾಗ್ತಾ ಹೋಗೋ ಗುಂಡಿ ಬೇಡ, ಕೆಳಗಿನ ತನಕ ಒಂದೇ ಅಗಲ ಇರಬೇಕು, ತಳದಲ್ಲಿ ಸ್ವಲ್ಪ ಜಾಸ್ತಿ ಇದ್ರಂತೂ ಒಳ್ಳೇದು.

ತಳಕ್ಕೆ 4 ರಿಂದ 6 ಇಂಚು ಜಲ್ಲಿ ಹಾಕಿ ಗುದ್ದಿಸಿ, ನೀರು ಇಂಗೋಕೆ. ಕಾಂಕ್ರೀಟ್ ಹೊರಗೆ ಕಲಸಿ ಸುರಿಯಲಿ. ಒಣ ಸಿಮೆಂಟ್ ಜಲ್ಲಿ ಗುಂಡಿಗೆ ತುಂಬಿ ಮೇಲಿಂದ ಬಕೆಟ್ ನೀರು ಹೊಯ್ಯೋದಕ್ಕೆ ನಾನಂತೂ ಒಪ್ಪಲ್ಲ, ಕೆಳಗಿನ ತನಕ ನೀರು ಹೋಗಿದ್ಯಾ ಅಂತ ನೋಡೋಕೆ ದಾರಿನೇ ಇಲ್ಲ. ಸುರಿದ ಮೇಲೆ ಕೋಲಲ್ಲಿ ಕುಕ್ಕಿ ಗಾಳಿ ಹೊರಗೆ ಬರೋ ಹಾಗೆ ಮಾಡ್ಬೇಕು, ಮೇಲ್ಭಾಗ ಕಂಬದಿಂದ ಹೊರಕ್ಕೆ ಇಳಿಜಾರು ಕೊಡ್ಬೇಕು, ಬಟ್ಟಲಿನ ಥರ ಬಿಟ್ರೆ ಕಂಬದ ಬುಡದಲ್ಲೇ ನೀರು ನಿಲ್ಲುತ್ತೆ. ಕಾಂಕ್ರೀಟ್ ಹಸಿ ಇದ್ದಾಗಲೇ ರಸಮಟ್ಟ ಇಟ್ಟು ಎರಡು ಪಕ್ಕದಿಂದ ಕಂಬ ನೆಟ್ಟಗಿದ್ಯಾ ನೋಡಿ, ಒಂದು ಪಕ್ಕ ನೋಡಿದ್ರೆ ಸಾಲ್ದು. ಪ್ರತಿ ಗುಂಡಿ ಮುಚ್ಚೋ ಮುಂಚೆ ಒಂದು ಫೋಟೋ.

ಆಮೇಲೆ ಕಾಯ್ಬೇಕು. ಕಂಬ ನೆಟ್ಟ ದಿನವೇ ಮೆಶ್ ಎಳೆಯೋದು ಬಹಳ ಕಡೆ ನಡೆಯುತ್ತೆ, ಬೇಲಿ ವಾಲೋಕೆ ಇಷ್ಟು ಸಾಕು. ಕನಿಷ್ಠ ಎರಡು ಮೂರು ದಿನ, ಆಗೋದಾದ್ರೆ ಒಂದು ವಾರ ಬಿಡಿ. ಆ ದಿನಗಳಲ್ಲಿ ಕಾಂಕ್ರೀಟ್ ಒಣಗದ ಹಾಗೆ ನೀರು ಹಾಕ್ತಾ ಇರೋದನ್ನೇ ಕ್ಯೂರಿಂಗ್ ಅನ್ನೋದು, ಗೋಣಿಚೀಲ ಸುತ್ತಿ ನೆನೆಸಿಟ್ರೆ ಸುಲಭ. ಮೆಶ್ ಎಳೆಯುವಾಗ ಸ್ಟ್ರೆಚರ್, ಅಂದ್ರೆ ಮೆಶ್ ಬಿಗಿ ಮಾಡೋ ಸಾಧನ, ಹಾಕಿ ಎಳೆಯಲಿ, ಬರೀ ಕೈಯಲ್ಲಿ ಎಳೆದು ಕಟ್ಟಿದ ಮೆಶ್ ಸ್ವಲ್ಪ ದಿನಕ್ಕೇ ಸಡಿಲ ಆಗುತ್ತೆ. ಜಿಐ ಕಂಬಕ್ಕೆ ವೆಲ್ಡ್ ಮಾಡಿದ ಕಡೆ ಸತು ಸುಟ್ಟುಹೋಗಿರುತ್ತೆ, ಅಲ್ಲಿ ಉಜ್ಜಿ ಝಿಂಕ್ ಪೇಂಟ್ ಹಚ್ಚಿಸ್ಬೇಕು, ಬರೀ ಬೆಳ್ಳಿ ಬಣ್ಣ ಬಳಿದು ಮುಗಿಸೋಕೆ ಬಿಡ್ಬೇಡಿ.

9. ಗೇಟ್

ಬೇಲಿಯಲ್ಲಿ ಮೊದಲು ಕೆಡೋದು ಗೇಟು, ದಿನಾ ಅಲ್ಲಾಡೋದು ಅದೊಂದೇ. ಮರದ ಗೇಟಿಗೆ ಓರೆ ಪಟ್ಟಿ ಕೀಲಿನ ಕಡೆಯ ಕೆಳ ಮೂಲೆಯಿಂದ ಶುರುವಾಗಿ ಚಿಲಕದ ಕಡೆಯ ಮೇಲ್ ಮೂಲೆಗೆ ಹೋಗ್ಬೇಕು, ಆಗ ಗೇಟಿನ ಭಾರ ಪಟ್ಟಿ ಮೂಲಕ ಕೆಳಗಿನ ಕೀಲಿಗೆ ಇಳಿಯುತ್ತೆ. ಎಳೆದು ಬಿಗಿ ಮಾಡೋ ತಂತಿ ಹಾಕಿದ್ರೆ ಇದರ ಉಲ್ಟಾ, ಕೀಲಿನ ಮೇಲ್ ಮೂಲೆಯಿಂದ ಚಿಲಕದ ಕೆಳ ಮೂಲೆಗೆ. ಇದು ತಿರುವುಮುರುವಾದ್ರೆ ಆಸರೆ ಇದ್ದೂ ಇಲ್ಲದ ಹಾಗೆ. ಗೇಟ್ ಒಳಗೆ ತೆರೆಯುತ್ತಾ ಹೊರಗಾ, ತೆರೆದಾಗ ನೆಲ ಏರು ಇದ್ಯಾ ಅಂತ ಮೊದಲೇ ನೋಡಿ, ಕೆಳಗೆ ಒಂದೆರಡು ಇಂಚು ಸಂದು ಇರಲಿ.

10. ಕೊನೇ ಕಂತು ಕೊಡೋ ಮುಂಚೆ

ಒಂದು ತುದಿ ಕಂಬದಿಂದ ಇನ್ನೊಂದಕ್ಕೆ ದಾರ ಕಟ್ಟಿ ಎಳೆದು ಮಧ್ಯದ ಕಂಬಗಳು ಸಾಲಲ್ಲಿವೆಯಾ ನೋಡಿ. ಎರಡು ಕಂಬದ ಮಧ್ಯೆ ಮೆಶ್ ಒತ್ತಿ, ಸ್ವಲ್ಪ ಬಗ್ಗಿ ಕೈ ತೆಗೆದ ತಕ್ಷಣ ವಾಪಸ್ ಬರಬೇಕು, ಹೊಟ್ಟೆ ಥರ ಉಬ್ಬಿ ಹಾಗೇ ನಿಂತ್ರೆ ಮತ್ತೆ ಎಳೆಸಿ. ಗೇಟನ್ನ ಇಪ್ಪತ್ತು ಸಲ ತೆರೆದು ಹಾಕಿ. ಅರ್ಧ ತೆರೆದು ಬಿಟ್ರೆ ಅಲ್ಲೇ ನಿಲ್ಲಬೇಕು, ತಾನಾಗಿ ಓಡಿದ್ರೆ ಕಂಬ ನೆಟ್ಟಗಿಲ್ಲ ಅಂತ ಅರ್ಥ. ಕಟ್ಟು ತಂತಿಯ ಚೂಪು ತುದಿಗಳು ಓಡಾಡೋ ಕಡೆಗೆ ಚಾಚಿಕೊಂಡಿಲ್ಲದ ಹಾಗೆ ಹೊರಕ್ಕೆ ಮಡಚಿಸಿ, ಆದ್ರೆ ಪಕ್ಕದ ಮನೆ ಮಗು ಕೈ ಇಡೋ ಜಾಗ ಆದ್ರೆ ಮಡಚಿ ಮೆಶ್ ಒಳಗೇ ಒತ್ತಿಸಿ. ಅಂಗಳದಲ್ಲಿ ತಂತಿ ಚೂರು, ಮೊಳೆ ಬಿದ್ದಿರುತ್ತೆ, ಹಸುನೋ ನಾಯಿನೋ ಸಾಕಿದ್ರೆ ಅಯಸ್ಕಾಂತ ಹಿಡಿದು ಒಂದು ಸಲ ಗುಡಿಸ್ಲೇಬೇಕು.

ಉಳಿದ ಮೆಶ್ ತುಂಡು, ಒಂದೆರಡು ಹಲಗೆ, ಮಿಕ್ಕ ಪೇಂಟ್ ಅವರು ತಗೊಂಡು ಹೋಗೋ ಮುಂಚೆ ಕೇಳಿ ಎತ್ತಿಡಿ, ಮುಂದೆ ತೇಪೆ ಹಾಕ್ಬೇಕಾದಾಗ ಅದೇ ಅಳತೆ, ಅದೇ ಬಣ್ಣ ಸಿಗೋದು ಕಷ್ಟ. ಗುಂಡಿ ಫೋಟೋಗಳನ್ನ ಕೊಟೇಶನ್ ಜೊತೆ ಒಂದೇ ಕಡೆ ಇಟ್ಟಿರಿ. ಮೊದಲ ಜೋರು ಮಳೆ ನಿಂತ ಮಾರನೇ ದಿನ ಒಂದು ಸುತ್ತು ಹೋಗಿ ಮೂಲೆ ಕಂಬಗಳನ್ನ ಅಲ್ಲಾಡಿಸಿ ನೋಡಿ, ಬುಡದಲ್ಲಿ ಮಣ್ಣು ಕುಸಿದಿದ್ರೆ ತುಂಬಿ ಗುದ್ದಿ, ಕಂಬ ಅಲ್ಲಾಡಿದ್ರೆ ಆವತ್ತೇ ಕಾಂಟ್ರಾಕ್ಟರ್‌ಗೆ ಫೋಟೋ ಕಳಿಸಿ.